ಊಟ, ತೂಕ ಮತ್ತು ನೆನಪು: ಈ ಸುತ್ತಿನಿಂದ ಹೊರಬರುವುದು ಹೇಗೆ?

ನಿನ್ನೆ ಮಧ್ಯಾಹ್ನ ಏನು ತಿಂದಿರಿ? ತಕ್ಷಣ ನೆನಪಾಯಿತಾ? ಸುಮ್ನೆ ಕೇಳಿದ್ದಲ್ಲ. ಸಾಕು ಅನ್ನಿಸಬೇಕಾದರೆ ಹೊಟ್ಟೆ ತುಂಬಿದರಷ್ಟೇ ಸಾಲದು, ತಿಂದದ್ದು ನೆನಪೂ ಇರಬೇಕು. ನೆನಪಿನ ಶಕ್ತಿ ತೀವ್ರವಾಗಿ ಕುಂದಿದ್ದ ಇಬ್ಬರ ಬಗ್ಗೆ 1998ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಊಟ ಮುಗಿದ ಅರ್ಧ ಗಂಟೆಯೊಳಗೆ ಮತ್ತೆ ಊಟ ಬಡಿಸಿದರೆ ಅವರು ಅದನ್ನೂ ತಿನ್ನುತ್ತಿದ್ದರು!

ಹೊಸ ನೆನಪು ಕಟ್ಟುವ ಕೆಲಸ ಮಿದುಳಿನ ಹಿಪೊಕ್ಯಾಂಪಸ್ ಭಾಗದ್ದು. ಪಾಠ ಕಲಿಯಲು ಅದು ಬೇಕು, ಕೀ ಎಲ್ಲಿಟ್ಟೆ ಎಂದು ಹುಡುಕಲೂ ಬೇಕು. ಜಿಡ್ಡು ಮತ್ತು ಸಕ್ಕರೆ ಎರಡೂ ಜಾಸ್ತಿ ಇರುವ ಆಹಾರಕ್ಕೆ ಅದು ಬೇಗ ಸೋಲುತ್ತದೆ. ಸೋತಾಗ ತಿಂದದ್ದರ ನೆನಪು ಮಸುಕಾಗುತ್ತದೆ, ಸಾಕು ಅನ್ನಿಸುವುದಿಲ್ಲ, ಕೈ ಮತ್ತೆ ತಿಂಡಿಗೆ ಹೋಗುತ್ತದೆ. ತೂಕ ಏರುತ್ತದೆ. ಆ ಬೊಜ್ಜಿನಿಂದ ಮೈಯಲ್ಲಿ ಉರಿಯೂತ ಹೆಚ್ಚಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಮಿದುಳಿಗೆ ಇನ್ನಷ್ಟು ತೊಂದರೆ. ಹೀಗೆ ಸುತ್ತು ಮುಂದುವರಿಯುತ್ತದೆ.

2020ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪ್ರಕಟಿಸಿದ ಪ್ರಯೋಗ ನನ್ನನ್ನು ಬೆಚ್ಚಿಬೀಳಿಸಿತು. ಇಪ್ಪತ್ತರ ಆಸುಪಾಸಿನ, ತೆಳ್ಳಗೆ ಆರೋಗ್ಯವಾಗಿದ್ದ ಯುವಜನರಲ್ಲಿ ಕೆಲವರು ಒಂದು ವಾರ ಫಾಸ್ಟ್ ಫುಡ್, ಸಿಹಿ ತಿನಿಸು ತಿಂದರು. ಅಷ್ಟಕ್ಕೇ ಅವರ ನೆನಪಿನ ಪರೀಕ್ಷೆಯ ಅಂಕ ಇಳಿಯಿತು. ಹೊಟ್ಟೆ ತುಂಬಿದ್ದರೂ ತಿಂಡಿ ಬೇಕು ಅನ್ನುವ ಆಸೆ ಏರಿತು. ಅಂದರೆ ನೆನಪು ಕುಂದಲು ತೂಕ ಏರುವ ತನಕ ಕಾಯಬೇಕಿಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ದಪ್ಪಗಿರುವ ಮಗುವನ್ನು ದಯವಿಟ್ಟು ದಡ್ಡ ಅನ್ನಬೇಡಿ. ತೂಕ ಮತ್ತು ನೆನಪಿನ ಅಧ್ಯಯನಗಳಲ್ಲಿ ಕಂಡಿರುವುದು ಗುಂಪುಗಳ ಸರಾಸರಿಯಲ್ಲಿನ ಸಣ್ಣ ವ್ಯತ್ಯಾಸ. ಒಬ್ಬರ ಮೈ ನೋಡಿ ಬುದ್ಧಿ ಅಳೆಯಲು ಆಗುವುದಿಲ್ಲ.

ಹೆಜ್ಜೆ 1: ತೂಕದ ಯಂತ್ರವಲ್ಲ, ಊಟದ ನೆನಪು ಮೊದಲು

ಟಿವಿ, ಮೊಬೈಲ್ ಪಕ್ಕಕ್ಕಿಡಿ. ಟಿವಿ ನೋಡುತ್ತಾ ಊಟ ಮಾಡಿದವರಿಗೆ ಆ ಊಟದ ನೆನಪು ಮಸುಕಾಗಿತ್ತು, ಆಮೇಲೆ ಬಿಸ್ಕತ್ತನ್ನೂ ಜಾಸ್ತಿ ತಿಂದರು ಎಂದು ಪ್ರಯೋಗದಲ್ಲಿ ಕಂಡಿದೆ. ಸಂಜೆ ತಿಂಡಿಗೆ ಕೈ ಹಾಕುವ ಮೊದಲು ಅರ್ಧ ನಿಮಿಷ ನಿಲ್ಲಿ. ಮಧ್ಯಾಹ್ನದ ತಟ್ಟೆಯಲ್ಲಿ ಏನಿತ್ತು, ರುಚಿ ಹೇಗಿತ್ತು ಎಂದು ನೆನಪಿಸಿಕೊಳ್ಳಿ. ಖರ್ಚಿಲ್ಲದ ಉಪಾಯ ಅಲ್ವಾ? ಮಕ್ಕಳ ಜೊತೆ ಇದನ್ನು ಆಟದ ಹಾಗೆ ಮಾಡಬಹುದು.

ಹೆಜ್ಜೆ 2: ಸಕ್ಕರೆಯನ್ನು ಲೋಟದಿಂದ ತೆಗೆಯಿರಿ

ಎಲ್ಲವನ್ನೂ ಒಟ್ಟಿಗೆ ಬಿಡಲು ಹೋದರೆ ನಾಲ್ಕು ದಿನಕ್ಕೆ ಸೋಲುತ್ತೇವೆ. ಸಿಹಿ ಪಾನೀಯದಿಂದ ಶುರು ಮಾಡಿ. ಬೆರೆಸಿದ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯ ಶೇ 10ಕ್ಕಿಂತ ಕಡಿಮೆ ಇರಲಿ, ಶೇ 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶೇ 5 ಅಂದರೆ ದೊಡ್ಡವರಿಗೆ ಸುಮಾರು 25 ಗ್ರಾಂ, ಆರು ಚಮಚ. ಆಮೇಲೆ ಕರಿದದ್ದು. ಆ ಜಾಗಕ್ಕೆ ತರಕಾರಿ, ಕಾಳು, ಹಣ್ಣು.

ಹೆಜ್ಜೆ 3: ನಡೆಯಿರಿ

2011ರ ಒಂದು ಅಧ್ಯಯನದಲ್ಲಿ ವಯಸ್ಸಾದವರು ವಾರಕ್ಕೆ ಮೂರು ದಿನ, ನಿಧಾನವಾಗಿ ಹೆಚ್ಚಿಸುತ್ತಾ 40 ನಿಮಿಷದವರೆಗೆ ನಡೆದರು. ಒಂದು ವರ್ಷದಲ್ಲಿ ಅವರ ಹಿಪೊಕ್ಯಾಂಪಸ್ ಸುಮಾರು ಶೇ 2ರಷ್ಟು ದೊಡ್ಡದಾಗಿತ್ತು. ವಯಸ್ಸಾದಂತೆ ಕುಗ್ಗುವ ಭಾಗ ಅದು!

ಹೆಜ್ಜೆ 4: ಎರಡು ತಿಂಗಳು ಬಿಡದೆ ಮಾಡಿ

ಕೊಬ್ಬು ಹೆಚ್ಚಿದ್ದ ಆಹಾರ ತಿಂದು ದಪ್ಪಗಾದ ಇಲಿಗಳ ಮಿದುಳಿನಲ್ಲಿ ನರಕೋಶಗಳ ನಡುವಿನ ಕೊಂಡಿಗಳು ಕಡಿಮೆಯಾಗಿದ್ದವು. ಮಿದುಳಿನ ಕಾವಲಿಗಿರಬೇಕಾದ ಕೋಶಗಳೇ ಆ ಕೊಂಡಿಗಳನ್ನು ತಿನ್ನುತ್ತಿದ್ದವು. ಕಡಿಮೆ ಕೊಬ್ಬಿನ ಆಹಾರಕ್ಕೆ ಬದಲಿಸಿದಾಗ ಸುಮಾರು ಎರಡು ತಿಂಗಳಲ್ಲಿ ತೂಕವೂ ಇಳಿಯಿತು, ಕೊಂಡಿಗಳೂ ಮರಳಿದವು. ಮನುಷ್ಯರ ಲೆಕ್ಕ ಬೇರೆಯೇ ಇರಬಹುದು. ಆದರೂ ನನಗೆ ಇದು ದೊಡ್ಡ ಭರವಸೆ.

ಇಷ್ಟೆಲ್ಲಾ ಮಾಡಿಯೂ ಮರೆವು ಹೆಚ್ಚುತ್ತಿದ್ದರೆ ವೈದ್ಯರನ್ನು ಕಾಣಿ. ಥೈರಾಯ್ಡ್, ಬಿ12 ಕೊರತೆ, ಮಧುಮೇಹ ಪರೀಕ್ಷಿಸಲು ಕೇಳಿ. ರಾತ್ರಿ ಜೋರು ಗೊರಕೆ, ನಡುನಡುವೆ ಉಸಿರು ನಿಲ್ಲುವುದು ಇದ್ದರೆ ಅದನ್ನೂ ಹೇಳಿ. ಮಲಗಿದ ನಿಮಗೆ ಅದು ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮಲಗುವವರನ್ನೇ ಕೇಳಬೇಕು.