ಮೀನಿನ ಬಾಲ ಎಣಿಸಲು ಹೋಗಿ

ನಮ್ಮ ಬಾಯಾರಿನ ಕಡೆ ಮಳೆಗಾಲದಲ್ಲಿ ತೋಡು ತುಂಬಿ ಹರಿಯುವಾಗ ಸುಮ್ನೆ ಬಗ್ಗಿ ನೋಡಿ. ಸಣ್ಣ ಮೀನುಗಳು ಸೆಳೆತಕ್ಕೆ ಎದುರು ಮುಖ ಮಾಡಿ ನಿಂತಲ್ಲೇ ನಿಂತಿರುತ್ತವೆ. ಒಂದು ದಿನ ಕ್ಲಾಸಿನಲ್ಲಿ ಒಬ್ಬ ಹುಡುಗ ಕೇಳಿದ, "ಮಾಷ್ಟ್ರೇ, ಅವಕ್ಕೆ ಬಚ್ಚುವುದಿಲ್ವಾ?" ಬಚ್ಚುವುದು ಅಂದರೆ ನಮ್ಮ ಕಡೆ ಸುಸ್ತಾಗುವುದು. ಅಭ್ಯಾಸ ಆಗಿರುತ್ತದೆ ಅಂತ ಏನೋ ಒಂದು ಹೇಳಿ ಪಾಠ ಮುಂದುವರಿಸಿದೆ. ರಾತ್ರಿ ನಾಚಿಕೆ ಆಯಿತು. ಜೀವಶಾಸ್ತ್ರ ಕಲಿಸುವವನು ಹೇಳುವ ಮಾತಾ ಅದು?

ಹಾಗೆ ಶುರುವಾದದ್ದು ಇದು. ಮೂರಡಿ ಉದ್ದದ ಗಾಜಿನ ತೊಟ್ಟಿ, ಮಧ್ಯದಲ್ಲಿ ಒಂದು ಅಕ್ರಿಲಿಕ್ ಹಲಗೆ, ಎರಡೂ ತುದಿಯಲ್ಲಿ ಸಂದು. ನೀರು ಓಟದ ಟ್ರ್ಯಾಕಿನ ಹಾಗೆ ಸುತ್ತು ಬರಬೇಕು. ನೀರು ತಳ್ಳಲು ಅಕ್ವೇರಿಯಂ ಅಂಗಡಿಯ ವೇವ್ ಮೇಕರ್ ಎರಡು. ಮೀನು ಇರುವ ಕಡೆ ಹಿಂದೆ ಮುಂದೆ ಬಲೆ. ಮೊದಲ ದಿನ ನೀರು ಹೇಗೆ ಸುಳಿ ಸುಳಿಯಾಗಿ ಬಂತು ಅಂದರೆ ಮೀನು ಪಾಪ ತಿರುಗಿ ತಿರುಗಿ ಗೋಡೆಗೆ ತಾಗುತ್ತಿತ್ತು. ಜ್ಯೂಸ್ ಕುಡಿಯುವ ಸ್ಟ್ರಾಗಳನ್ನು ತುಂಡು ಮಾಡಿ ಜೇನುಗೂಡಿನ ಹಾಗೆ ಒತ್ತಿ ಕಟ್ಟಿ ಬಲೆಯ ಮುಂದೆ ಇಟ್ಟ ಮೇಲೆ ನೀರು ನೇರ ಆಯಿತು. ವೇಗ ನೋಡಲು, ಮೀನು ಬಿಡುವ ಮೊದಲೇ ಸಿರಿಂಜಿನಲ್ಲಿ ಒಂದು ತೊಟ್ಟು ಹಾಲು ಬಿಟ್ಟು ಅದು ಹರಿಯುವುದನ್ನು ವಿಡಿಯೊ ಮಾಡಿದೆವು.

ಮೀನು ತೋಡಿನದ್ದೇ. ನೀಲಿ ಮೈ, ಅದರ ಮೇಲೆ ಹಳದಿ ಗೀರು. ಅಕ್ವೇರಿಯಂನವರು ಮಲಬಾರ್ ಡಾನಿಯೊ ಅಂತಾರೆ. ಮನೆಯ ಸುರಂಗದ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಿಲದ, ನೀರನ್ನು ನೇರ ತುಂಬಿಸಿ ಮೀನು ಬಿಟ್ಟದ್ದು ನನ್ನ ದೊಡ್ಡ ತಪ್ಪು. ಸ್ವಲ್ಪ ಹೊತ್ತಿಗೇ ಎಲ್ಲಾ ಮೇಲೆ ಬಂದು ಬಾಯಿ ಬಿಡಲು ಶುರು ಮಾಡಿದವು. ನೆಲದೊಳಗಿಂದ ಬಂದ ನೀರು, ಅದರಲ್ಲಿ ಗಾಳಿ ಬೆರೆತಿರುವುದು ಕಡಿಮೆ. ಆಮೇಲೆ ಒಂದು ರಾತ್ರಿ ಏರ್ ಪಂಪ್ ಹಾಕಿಟ್ಟ ನೀರನ್ನೇ ಬಳಸಿದೆ.

ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರ ಬರುತ್ತದೆ. ಬಾಲ ಅಡ್ಡಡ್ಡ ಬಡಿಯುವುದರಿಂದ ಮೇಲಿನಿಂದಲೇ ತೆಗೆಯಬೇಕು. ಮೇಲಿನಿಂದ ತೆಗೆದರೆ ಅಲೆ ಎಲ್ಲಾ ಕೆಡಿಸುತ್ತದೆ, ಅದಕ್ಕೆ ನೀರಿಗೆ ತಾಗುವ ಹಾಗೆ ಒಂದು ಪಾರದರ್ಶಕ ಹಾಳೆ ಇಟ್ಟೆವು. ಕೋಣೆಯೊಳಗೆ ಎಲ್‌ಇಡಿ ಬಲ್ಬು ಹಾಕಿದರೆ ವಿಡಿಯೊ ಪೂರ್ತಿ ಮಿಣುಕುತ್ತದೆ, ಯಾಕೆಂದರೆ ನಮ್ಮ ಕರೆಂಟಿನಲ್ಲಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ತೊಟ್ಟಿಯನ್ನೇ ಅಂಗಳಕ್ಕೆ ಹೊತ್ತು ತಂದೆವು. ಇನ್ನೊಂದು ವಿಷಯ: ತಳದಲ್ಲಿ ಗ್ರಾಫ್ ಹಾಳೆ ಇಟ್ಟು ಅಳೆದರೆ ಆರು ಸೆಂಟಿಮೀಟರಿನ ಮೀನು ಏಳು ಅಂತ ಬರುತ್ತದೆ. ಮೀನು ಕ್ಯಾಮೆರಾಕ್ಕೆ ಹತ್ತಿರ, ಹಾಳೆ ದೂರ, ಅಷ್ಟೇ. ಇದು ತಲೆಗೆ ಹೋಗಲು ಎರಡು ವಾರ ಹಿಡಿಯಿತು. ಸ್ಕೇಲನ್ನು ಮೀನಿನ ಮಟ್ಟದಲ್ಲೇ ಇಟ್ಟು ಒಂದು ಫೋಟೋ ತೆಗೆದುಕೊಳ್ಳಿ, ಮುಗಿಯಿತು.

ಕೊನೆಗೂ ಲೆಕ್ಕ ಸಿಕ್ಕಿತು. ನೀರಿನ ವೇಗ ಸೆಕೆಂಡಿಗೆ 24 ಸೆಂಟಿಮೀಟರ್. ಬಾಲ ಒಂದು ಸಲ ಆಚೆ ಹೋಗಿ ಈಚೆ ಬರಲು 40 ಚಿತ್ರ, ಅಂದರೆ ಸೆಕೆಂಡಿಗೆ 6 ಸಲ. ಒಂದು ಹೊಡೆತಕ್ಕೆ 4 ಸೆಂಟಿಮೀಟರ್, ಮೈ ಉದ್ದದ ಮೂರನೇ ಎರಡು ಭಾಗ. 1958ರಲ್ಲಿ ಬೈನ್‌ಬ್ರಿಜ್ ಎಂಬವರು ಕೇಂಬ್ರಿಡ್ಜಿನಲ್ಲಿ ಉರುಟು ತೊಟ್ಟಿಯನ್ನೇ ತಿರುಗಿಸಿ ಮೀನು ಈಜಿಸಿದಾಗ ಸಿಕ್ಕಿದ್ದೂ ಹೆಚ್ಚುಕಡಿಮೆ ಇದೇ. ಬಾಲ ಬೀಸುವ ಅಗಲ ಮೈ ಉದ್ದದ ಐದನೇ ಒಂದು ಭಾಗದ ಆಸುಪಾಸಿನಲ್ಲೇ ನಿಲ್ಲುತ್ತದೆ, ಜೋರಾಗಿ ಹೋಗಬೇಕಾದರೆ ಹೊಡೆತ ಜಾಸ್ತಿ ಮಾಡುತ್ತದೆ. ನನ್ನ ಮೀನಿನದ್ದು 1.2 ಸೆಂಟಿಮೀಟರ್. ಅದನ್ನು 6ರಿಂದ ಗುಣಿಸಿ 24ರಿಂದ ಭಾಗಿಸಿದರೆ 0.3. ಇದಕ್ಕೆ ಸ್ಟ್ರೌಹಲ್ ಸಂಖ್ಯೆ ಅನ್ನುತ್ತಾರೆ. ಮೀನು, ಡಾಲ್ಫಿನ್, ಹಾರುವ ಹಕ್ಕಿ, ಬಾವಲಿ, ಎಲ್ಲವೂ ಆರಾಮದಲ್ಲಿ ಹೋಗುವಾಗ ಈ ಸಂಖ್ಯೆ 0.2ರಿಂದ 0.4ರ ಒಳಗೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಕೂತು ತೆಗೆದ ಲೆಕ್ಕ ಅಲ್ಲಿಗೇ ಬಂದು ನಿಂತಾಗ ನಿಜಕ್ಕೂ ಮೈ ಜುಂ ಅಂದಿತು.

ನೀರಿನ ವೇಗ ಇನ್ನೂ ಏರಿಸಿದಾಗ ಬೇರೆಯದೇ ಆಟ. ಒಂದೇ ಸಮ ಬಡಿಯುತ್ತಿದ್ದ ಬಾಲ ಪಟಪಟ ನಾಲ್ಕೈದು ಸಲ ಬಡಿದು ನಿಲ್ಲುತ್ತದೆ, ಮೀನು ಸ್ವಲ್ಪ ಹಿಂದೆ ಜಾರುತ್ತದೆ, ಮತ್ತೆ ಪಟಪಟ. ಹೀಗೆ ಜಾಸ್ತಿ ಹೊತ್ತು ಆಗುವುದಿಲ್ಲ. ಬಲೆಗೆ ತಾಗುವ ಮೊದಲೇ ಪಂಪ್ ನಿಲ್ಲಿಸಿಬಿಡಿ.

ಇದು ಯಾಕೆ ಅಂತ ಗೊತ್ತಾದದ್ದು ಉಪ್ಪಳದ ಮೀನು ಮಾರ್ಕೆಟಿನಲ್ಲಿ. ಬಂಗುಡೆಯನ್ನು ಅಡ್ಡ ತುಂಡು ಮಾಡಿಸಿ ಫೋಟೋ ತೆಗೆಯುತ್ತಿದ್ದೆ. "ಎಂತ ಮಾಷ್ಟ್ರೇ, ಬಂಗುಡೆಗೂ ಮಾರ್ಕು ಹಾಕ್ತೀರಾ?" ಅಂತ ಮೀನಿನ ಅಕ್ಕ ನಕ್ಕರು. ತುಂಡಿನಲ್ಲಿ ಚರ್ಮದ ಕೆಳಗೆ, ಎರಡೂ ಪಕ್ಕದಲ್ಲಿ ಒಂದು ಕಡು ಕೆಂಪು ಪಟ್ಟಿ ಕಾಣುತ್ತದಲ್ವಾ, ಸಾರಿನಲ್ಲಿ ಕಪ್ಪಾಗಿ ಬರುವುದು, ಮಕ್ಕಳು ತೆಗೆದಿಡುವುದು, ಅದೇ ನಿಧಾನದ ಸ್ನಾಯು. ರಕ್ತ ಜಾಸ್ತಿ, ಆಮ್ಲಜನಕ ಬಳಸುತ್ತದೆ, ದಣಿಯುವುದಿಲ್ಲ. ಉಳಿದದ್ದೆಲ್ಲಾ ಬಿಳಿ ಸ್ನಾಯು. ಅದು ಜೋರು, ಆದರೆ ಬೇಗ ಸುಸ್ತು. ದಿನವಿಡೀ ಈಜುವ ಬಂಗುಡೆಯಲ್ಲಿ ಕೆಂಪು ಎದ್ದು ಕಾಣುತ್ತದೆ. ಮಲಯಾಳದವರು ಚೂರ ಅನ್ನುವ ಟ್ಯೂನಾದಲ್ಲಿ ಅದು ಇನ್ನೂ ಒಳಗೆ, ಬೆನ್ನುಮೂಳೆಯ ಹತ್ತಿರ.

ಒಂದೇ ಸ್ನಾಯುವಿನಲ್ಲಿ ಎರಡೂ ಕೆಲಸ ಯಾಕೆ ಆಗುವುದಿಲ್ಲ? ಬಾವಿಯಿಂದ ನೀರು ಸೇದಿ ನೋಡಿ. ಖಾಲಿ ಕೊಡಪಾನ ಸರ್ರಂತ ಬರುತ್ತದೆ, ಪ್ರಯೋಜನ ಇಲ್ಲ. ತೀರಾ ಭಾರದ್ದು ಏಳುವುದೇ ಇಲ್ಲ. ನಡುವಿನ ಒಂದು ಭಾರಕ್ಕೆ ನಿಮಿಷಕ್ಕೆ ಅತಿ ಜಾಸ್ತಿ ನೀರು. ಸ್ನಾಯುವೂ ತನ್ನ ಗರಿಷ್ಠ ವೇಗದ ಮೂರನೇ ಒಂದು ಭಾಗದ ಸುತ್ತಮುತ್ತ ಕುಗ್ಗುವಾಗಲೇ ಅತಿ ಹೆಚ್ಚು ಶಕ್ತಿ ಕೊಡುತ್ತದೆ. ಎ. ವಿ. ಹಿಲ್ 1938ರಲ್ಲಿ ಕಪ್ಪೆಯ ಸ್ನಾಯುವಿನಲ್ಲಿ ತೋರಿಸಿದ ಬಲ ಮತ್ತು ವೇಗದ ಲೆಕ್ಕದಿಂದ ಬರುವ ಮಾತು ಇದು. ಬಾಲದ ಹೊಡೆತ ಏರಿದರೆ ಕೆಂಪು ಸ್ನಾಯು ಆ ಮಿತಿ ದಾಟುತ್ತದೆ, ಬಿಳಿಯನ್ನು ಕರೆಯಲೇಬೇಕು. ಅಂದರೆ ಮೀನನ್ನು ಕೊಯ್ಯದೆ, ಬರೀ ಬಾಲ ನೋಡಿಯೇ ಒಳಗೆ ಯಾವ ಸ್ನಾಯು ಕೆಲಸ ಮಾಡುತ್ತಿದೆ ಅಂತ ಊಹಿಸಬಹುದು.

ಕೊನೆಗೆ ಹುಡುಗನ ಪ್ರಶ್ನೆ. ನೀರಿನ ದಾರಿಯಲ್ಲಿ ಅರ್ಧ ಪೈಪ್ ತುಂಡನ್ನು ನೆಟ್ಟಗೆ ನಿಲ್ಲಿಸಿದೆ. ಮೀನು ಸ್ವಲ್ಪ ಹೊತ್ತು ಸುತ್ತಾಡಿ ಅದರ ಹಿಂದೆಯೇ ಹೋಗಿ ನಿಂತಿತು. ಪೈಪಿನ ಹಿಂದೆ ಎಡಕ್ಕೊಂದು ಬಲಕ್ಕೊಂದು ಸುಳಿ ಏಳುತ್ತದೆ, ಮೈಯನ್ನು ಅದಕ್ಕೆ ಸರಿಯಾಗಿ ಬಾಗಿಸಿಕೊಂಡು ಬಟ್ಟೆ ಆಡಿದ ಹಾಗೆ ಆಡುತ್ತಿತ್ತು. ಟ್ರೌಟ್ ಮೀನಿನಲ್ಲಿ ಇದನ್ನು 2003ರಲ್ಲಿ ಅಳೆದಿದ್ದಾರೆ, ಸ್ನಾಯುವಿನ ಕೆಲಸ ತುಂಬಾ ಕಡಿಮೆಯಾಗುತ್ತದೆ. ಸತ್ತ ಟ್ರೌಟ್ ಕೂಡ ಇಂಥ ಸುಳಿಯಲ್ಲಿ ಹರಿವಿಗೆ ಎದುರಾಗಿ ಮುಂದೆ ಹೋದದ್ದುಂಟು.

ವಿಡಿಯೊ ತೋರಿಸಿ, ನೋಡು, ಇದಕ್ಕೇ ಬಚ್ಚುವುದಿಲ್ಲ ಅಂದೆ. ಅವನಿಗೆ ಅಂಥ ಆಶ್ಚರ್ಯ ಏನೂ ಆಗಲಿಲ್ಲ.

"ಮೀನು ಹಿಡಿಯುವಾಗ ನಾವು ಯಾವಾಗಲೂ ಕಲ್ಲಿನ ಹಿಂದೆಯೇ ಅಲ್ವಾ ಮಾಷ್ಟ್ರೇ ಕೈ ಹಾಕೋದು?"