ಹಡಗಿನ ಊಟ: ಮೊದಲ ಪಂಕ್ತಿಯೋ, ಎರಡನೇ ಪಂಕ್ತಿಯೋ?

"ಸಂಜೆ ಐದೂವರೆಗೆ ಯಾರಾದ್ರೂ ರಾತ್ರಿ ಊಟ ಮಾಡ್ತಾರೇನೇ? ಅದು ಕಾಫಿ ಹೊತ್ತು ಕಣೇ."

ಅಮ್ಮ ಮೈಸೂರಿನಿಂದ ವಿಡಿಯೋ ಕಾಲ್‌ನಲ್ಲಿ ಹೀಗೆ ಕೇಳಿದಾಗ ನಾನು ಅಲಾಸ್ಕಾ ಕ್ರೂಸ್, ಅಂದರೆ ಏಳು ರಾತ್ರಿಯ ಹಡಗಿನ ಪ್ರವಾಸ, ಬುಕ್ ಮಾಡುತ್ತಾ ಕೂತಿದ್ದೆ. ಊಟದ ಸಮಯ ಆರಿಸಿ ಅಂತ ಎರಡು ಆಯ್ಕೆ ಇತ್ತು. ಒಂದು ಸಂಜೆ 5:30, ಇನ್ನೊಂದು ರಾತ್ರಿ 8. ಅಮ್ಮನಿಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಆದರೆ ಪಕ್ಕದಲ್ಲಿದ್ದ ಅಪ್ಪನಿಗೆ ತಕ್ಷಣ ಅರ್ಥ ಆಯಿತು. "ಓ, ಮದುವೆ ಮನೆ ಥರ. ಮೊದಲನೇ ಪಂಕ್ತಿ, ಎರಡನೇ ಪಂಕ್ತಿ" ಅಂದರು.

ನಿಜಕ್ಕೂ ಅದೇ ಲೆಕ್ಕ. ಹಡಗಿನಲ್ಲಿ ಎರಡು ಮೂರು ಸಾವಿರ ಜನ ಇರುತ್ತಾರೆ. ದೊಡ್ಡ ಡೈನಿಂಗ್ ಹಾಲ್‌ನಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಲು ಆಗಲ್ಲ. ಹಾಗಾಗಿ ಒಂದೇ ಟೇಬಲ್‌ಗೆ ಎರಡು ಪಂಕ್ತಿ. ಮೊದಲ ಪಂಕ್ತಿಯವರು ಎದ್ದ ಮೇಲೆ ಟೇಬಲ್ ಮೇಲಿನ ಬಟ್ಟೆ ಬದಲಿಸಿ, ತಟ್ಟೆ-ಲೋಟ ಹೊಸದಾಗಿ ಇಟ್ಟು, ಎರಡನೇ ಪಂಕ್ತಿಯವರನ್ನು ಕರೆಯುತ್ತಾರೆ. ಒಮ್ಮೆ ಆರಿಸಿಕೊಂಡರೆ ಏಳು ರಾತ್ರಿಯೂ ಅದೇ ಹೊತ್ತು, ಅದೇ ಟೇಬಲ್, ಅದೇ ವೇಟರ್.

ನಾವು ಅಮೆರಿಕದ ಸಿಯಾಟಲ್ ಹತ್ತಿರ ಇರುವವರು. ಇದಕ್ಕೆ ಎರಡು ವರ್ಷ ಮುಂಚೆ ನಾನು, ನನ್ನ ಗಂಡ, ಇಬ್ಬರು ಮಕ್ಕಳು ಲಾಸ್ ಏಂಜಲೀಸ್‌ನಿಂದ ನಾಲ್ಕು ರಾತ್ರಿಯ ಕ್ರೂಸ್ ಹೋಗಿದ್ದೆವು. ಆಗ ಎರಡನೇ ಪಂಕ್ತಿ ತಗೊಂಡಿದ್ದೆವು, 8:15ಕ್ಕೆ. ಮನೆಯಲ್ಲಿ ನಾವು ಊಟ ಮಾಡುವುದೇ ಎಂಟೂವರೆಗೆ. ಅದಕ್ಕೇ ಯೋಚನೆಯೇ ಮಾಡಲಿಲ್ಲ.

ತಪ್ಪಿದ್ದು ಎಲ್ಲಿ ಅಂದರೆ, ಮನೆಯಲ್ಲಿ ಅನ್ನ ಸಾರು ಉಂಡು ಏಳಲು 20 ನಿಮಿಷ ಸಾಕು. ಹಡಗಿನಲ್ಲಿ ಬ್ರೆಡ್ ಬರುತ್ತದೆ, ಆಮೇಲೆ ಸೂಪು, ಆಮೇಲೆ ಮುಖ್ಯ ಊಟ, ಆಮೇಲೆ ಸಿಹಿ. ಒಂದೂವರೆ ಗಂಟೆ ಆರಾಮಾಗಿ ಹೋಗುತ್ತದೆ. 8:15ಕ್ಕೆ ಕೂತವರು ಏಳುವುದು ಹತ್ತು ಗಂಟೆ ಹತ್ತಿರ. ಮಗನಿಗೆ ಆಗ 2 ವರ್ಷ. ಮೊದಲ ರಾತ್ರಿ ಸೂಪ್ ಬರುವಷ್ಟರಲ್ಲೇ ಮಲಗಿಬಿಟ್ಟ. ಎರಡು ಕುರ್ಚಿ ಜೋಡಿಸಿ ಮಲಗಿಸಿದೆವು. ಎರಡನೇ ರಾತ್ರಿ ಮಲಗಲೂ ಇಲ್ಲ, ಅತ್ತ. ನಾನು ಅವನನ್ನು ಎತ್ತಿಕೊಂಡು ಬಾಗಿಲ ಹೊರಗೆ ಓಡಾಡಿದೆ, ಆಮೇಲೆ ನನ್ನ ಗಂಡ. ಮಗಳು ಒಬ್ಬಳೇ ಕೂತು ತಿಂದಳು. ಮೂರನೇ ದಿನದಿಂದ ಮೇಲಿನ ಬಫೆಗೇ ಹೋದೆವು. ಮಕ್ಕಳ ಜೊತೆ ಒಂದು ಟೇಬಲ್‌ನಲ್ಲಿ ಕೂತು ನಿಧಾನವಾಗಿ ಊಟ ಮಾಡಬೇಕು ಅಂತಲೇ ನಾನು ಆ ಪ್ರವಾಸಕ್ಕೆ ಆಸೆಪಟ್ಟಿದ್ದೆ. ಅದೇ ಆಗಲಿಲ್ಲ ಅನ್ನುವ ಬೇಜಾರು ತುಂಬ ದಿನ ಇತ್ತು.

ಆದ್ದರಿಂದ ಈ ಸಲ ಒಂದು ಹಾಳೆ ತಗೊಂಡು ಕೂತೆ. ನಾವು ನಾಲ್ವರು, ಜೊತೆಗೆ ಬರುವ ಅಪ್ಪ-ಅಮ್ಮ, ಹೀಗೆ ಆರು ಜನರ ಹೆಸರು ಬರೆದೆ. ಪ್ರತಿಯೊಬ್ಬರ ಎದುರು, ಯಾವ ಹೊತ್ತಿಗೆ ಊಟಕ್ಕೆ ಕೂರಬಹುದು ಅಂತಲ್ಲ, ಯಾವ ಹೊತ್ತಿಗೆ ಊಟದಿಂದ ಏಳಲೇಬೇಕು ಅಂತ ಬರೆದೆ. ಮಗನಿಗೆ ಈಗ 4, ಎಂಟು ಗಂಟೆಗೆ ಹಾಸಿಗೆ ಬೇಕು. ಮಗಳಿಗೆ 9, ಅವಳಿಗೆ ತೊಂದರೆ ಇಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ, ಮಾತ್ರೆ ಊಟದ ಜೊತೆ. ಉಂಡ ತಕ್ಷಣ ಮಲಗುವ ಹಾಗಿಲ್ಲ, ಸ್ವಲ್ಪ ನಡೆಯಬೇಕು. ಅಮ್ಮ ಇಂಡಿಯಾದಿಂದ ಬಂದು ಹತ್ತು ದಿನ ಆಗಿರುತ್ತದೆ ಅಷ್ಟೇ. ಬೇಸಿಗೆಯಲ್ಲಿ ಇಂಡಿಯಾ ಸಮಯ ಸಿಯಾಟಲ್‌ಗಿಂತ 12 ಗಂಟೆ 30 ನಿಮಿಷ ಮುಂದೆ. ಹಗಲು ರಾತ್ರಿ ಪೂರ್ತಿ ತಿರುಗುಮುರುಗು. ಹೋದ ಸಲ ಬಂದಾಗ ಎರಡು ವಾರ ಸಂಜೆ ಏಳಕ್ಕೇ ಕೂತಲ್ಲೇ ತೂಕಡಿಸುತ್ತಿದ್ದಳು. ಎಂಟರ ಪಂಕ್ತಿಗೆ ನಾನು, ನನ್ನ ಗಂಡ, ಮಗಳು ಮೂವರೇ ಸರಿಹೋಗುತ್ತಿದ್ದೆವು.

ಅಪ್ಪನ ಮಾತ್ರೆ ವಿಷಯ ಮಾತ್ರ ನಾವೇ ತೀರ್ಮಾನ ಮಾಡಲಿಲ್ಲ. ಮೈಸೂರಿನಲ್ಲಿ ಅವರನ್ನು ನೋಡುವ ಡಾಕ್ಟರ ಹತ್ತಿರ ಅಪ್ಪನನ್ನೇ ಕಳಿಸಿ, ಒಂದು ವಾರ ಊಟ ಐದೂವರೆಗೆ ಬಂದರೆ ಮಾತ್ರೆ ಯಾವಾಗ ಅಂತ ಕೇಳಿಸಿದೆ. ಡಾಕ್ಟರು ಹೇಳಿದ್ದು: ಮಾತ್ರೆ ಊಟದ ಜೊತೆಯೇ ಇರಲಿ, ಮಲಗುವ ಮುಂಚೆ ಸ್ವಲ್ಪ ಏನಾದರೂ ತಿನ್ನಿ, ಬೆರಳು ಚುಚ್ಚಿ ನೋಡುವ ಮಿಷನ್ ಕೈಯಲ್ಲಿರಲಿ. ಇದು ಅಪ್ಪನಿಗೆ ಹೇಳಿದ್ದು. ನಿಮ್ಮ ಮನೆಯವರಿಗೆ ಬೇರೆ ಹೇಳಬಹುದು, ಕೇಳಿಯೇ ಹೋಗಿ.

ಜೊತೆಗೆ ಹಡಗು ಯಾವ ಊರಿನಲ್ಲಿ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಅನ್ನುವ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಂಡೆ. ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಸಿಯಾಟಲ್‌ನಿಂದ ಹೊರಡುವುದು ಸಂಜೆ 4ಕ್ಕೆ. ಆಮೇಲೆ ಅಲಾಸ್ಕಾದ ಮೂರು ಊರು. ಜೂನೋದಲ್ಲಿ ಮಧ್ಯಾಹ್ನ 1ರಿಂದ ರಾತ್ರಿ 9:30. ಸ್ಕ್ಯಾಗ್ವೇಯಲ್ಲಿ ಬೆಳಗ್ಗೆ 7ರಿಂದ ಸಂಜೆವರೆಗೆ. ಕೆಚಿಕನ್‌ನಲ್ಲಿ ಬೆಳಗ್ಗೆ 7ರಿಂದ ಮಧ್ಯಾಹ್ನ 1. ಕೊನೆಗೆ ಕೆನಡಾದ ವಿಕ್ಟೋರಿಯಾದಲ್ಲಿ ರಾತ್ರಿ 8ರಿಂದ 12. ಇಷ್ಟು ಬರೆದ ಮೇಲೆ ಗೊತ್ತಾಯಿತು, ಮೊದಲ ಪಂಕ್ತಿ ಕೈಕೊಡುವುದು ಜೂನೋದಲ್ಲಿ ಒಂದು ದಿನ. ಎರಡನೇ ಪಂಕ್ತಿ ಕೈಕೊಡುವುದು ವಿಕ್ಟೋರಿಯಾದಲ್ಲಿ ಒಂದು ದಿನ. ಉಳಿದ ದಿನಗಳನ್ನು ತೀರ್ಮಾನಿಸಿದ್ದು ಮಗನ ನಿದ್ದೆ, ಅಪ್ಪನ ಮಾತ್ರೆ.

ಮೂರನೇ ದಾರಿಯೂ ಇತ್ತು. ಯಾವಾಗ ಬೇಕಾದರೂ ಬಂದು ಕೂರಬಹುದು ಅನ್ನುವ ವ್ಯವಸ್ಥೆ. ಕೇಳಲು ಚೆನ್ನಾಗಿದೆ. ಆದರೆ ಆರೂವರೆ-ಏಳರ ಹೊತ್ತಿಗೆ ಎಲ್ಲರೂ ಬರುತ್ತಾರೆ, ಆರು ಜನರ ಟೇಬಲ್‌ಗೆ ಕಾಯಬೇಕಾಗುತ್ತದೆ. ದಿನಾ ಬೇರೆ ವೇಟರ್. ನಮ್ಮಂಥ ಸಸ್ಯಾಹಾರಿಗಳಿಗೆ ಅದು ದೊಡ್ಡ ವಿಷಯ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲ ಪಂಕ್ತಿ ಬೇಕು ಅಂತ ತೀರ್ಮಾನ ಮಾಡಿ ಬುಕ್ ಮಾಡಿದರೂ ಒಂದು ತೊಡಕು ಬಂತು. ಅಪ್ಪ-ಅಮ್ಮನ ಕ್ಯಾಬಿನ್ ಬೇರೆ ಬುಕಿಂಗ್. ನಮಗೆ 5:30 ಸಿಕ್ಕಿತ್ತು, ಅವರಿಗೆ 8 ಅಂತ ಬಂದಿತ್ತು. ಎರಡು ಬುಕಿಂಗ್‌ಗಳನ್ನು ಜೋಡಿಸಿ ಅಂತ ನಾವೇ ಫೋನ್ ಮಾಡಿ ಹೇಳಬೇಕಿತ್ತು, ಹೇಳಿರಲಿಲ್ಲ. ಆ ಹೊತ್ತಿಗೆ ಮೊದಲ ಪಂಕ್ತಿ ತುಂಬಿತ್ತು. ಸ್ಕೂಲ್ ರಜೆಯಲ್ಲಿ ಮಕ್ಕಳಿರುವವರು, ವಯಸ್ಸಾದವರು ಎಲ್ಲರೂ ಅದನ್ನೇ ಕೇಳುತ್ತಾರೆ. ವೇಟಿಂಗ್ ಲಿಸ್ಟ್‌ನಲ್ಲಿ ಹಾಕಿದರು. ಹಡಗು ಹತ್ತಿದ ದಿನ ಮಧ್ಯಾಹ್ನ, ಸಾಮಾನು ಇಡುವುದಕ್ಕೂ ಮುಂಚೆ, ನಾನು ನೇರವಾಗಿ ಡೈನಿಂಗ್ ಹಾಲ್‌ಗೆ ಹೋದೆ. ಟೇಬಲ್ ಹಂಚುವ ಮುಖ್ಯಸ್ಥರು ಆವತ್ತು ಅಲ್ಲೇ ಕೂತಿರುತ್ತಾರೆ. ವಯಸ್ಸಾದವರು, ಸಕ್ಕರೆ ಕಾಯಿಲೆ, ಪುಟ್ಟ ಮಗು, ಆರು ಜನ ಒಟ್ಟಿಗೆ ಕೂರಬೇಕು ಅಂತ ಹೇಳಿದೆ. ಕಿಟಕಿ ಪಕ್ಕದ್ದೇ ಒಂದು ಟೇಬಲ್ ಕೊಟ್ಟರು.

ನಮ್ಮ ವೇಟರ್ ಮಂಗಳೂರಿನ ಹುಡುಗ. ಅಪ್ಪ-ಅಮ್ಮ ಮಾತಾಡಿದ್ದು ಕೇಳಿಸಿಕೊಂಡು "ನಮಸ್ಕಾರ, ಎಲ್ಲಿಂದ ಬಂದಿರಿ?" ಅಂದ. ಅಮ್ಮನ ಮುಖ ನೋಡಬೇಕಿತ್ತು. ಆಮೇಲೆ ಏಳೂ ರಾತ್ರಿ ಅವಳಿಗೆ ಐದೂವರೆ ಬೇಗ ಅನ್ನಿಸಲೇ ಇಲ್ಲ.

ಸಸ್ಯಾಹಾರದ ವಿಷಯಕ್ಕೆ ಬರುತ್ತೇನೆ. ಮೆನುವಿನಲ್ಲಿ ದಿನಾ ಒಂದು ಇಂಡಿಯನ್ ವೆಜ್ ಅಡುಗೆ ಇತ್ತು. ಆದರೆ ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ತರಕಾರಿ ಸೂಪ್ ಅಂತ ಬರೆದಿದ್ದರೂ ಅದಕ್ಕೆ ಕೋಳಿ ಬೇಯಿಸಿದ ನೀರು ಹಾಕಿರಬಹುದು. ಕೇಕ್‌ನಲ್ಲಿ ಮೊಟ್ಟೆ, ನಡುಗುವ ಸಿಹಿಗಳಲ್ಲಿ ಪ್ರಾಣಿಗಳ ಮೂಳೆ-ಚರ್ಮದಿಂದ ಮಾಡುವ ಜಿಲೆಟಿನ್ ಇರುತ್ತದೆ. ಇದನ್ನೆಲ್ಲ ಒಂದೇ ಸಲ ಹೇಳಿದರೆ ಸಾಕಾಯಿತು. ಹೆಡ್ ವೇಟರ್ ಮೊದಲ ರಾತ್ರಿಯೇ ಬರೆದುಕೊಂಡರು. ಪ್ರತಿ ರಾತ್ರಿ ನಾಳೆ ಏನು ಬೇಕು ಅಂತ ಕೇಳಿ ಹೋಗುತ್ತಿದ್ದರು. ದಾಲ್, ಜೀರಾ ರೈಸ್, ಪಾಲಕ್ ಪಲ್ಯ, ಚಪಾತಿ, ಮೊಸರು. ನಾವು ಕೂರುವ ಹೊತ್ತು ಅಡುಗೆ ಮನೆಗೆ ಗೊತ್ತಿದ್ದರಿಂದ ಅಪ್ಪನ ಊಟ 5:45ಕ್ಕೆ ಬಿಸಿಯಾಗಿ ಟೇಬಲ್ ಮೇಲೆ ಇರುತ್ತಿತ್ತು. ಮಾತ್ರೆ ತಗೊಂಡು ಕಾಯುವ ಭಯ ಇರಲಿಲ್ಲ. ಪಂಕ್ತಿ ಯಾವುದೇ ಇರಲಿ, ಟೇಬಲ್ ಗೊತ್ತು ಮಾಡಿಕೊಂಡರೆ ಸಿಗುವ ದೊಡ್ಡ ಅನುಕೂಲ ಇದು.

ಮಕ್ಕಳದ್ದನ್ನು ಮೊದಲು ತನ್ನಿ ಅಂತ ಹೇಳಿಟ್ಟಿದ್ದೆವು. ನಮಗೆ ಸೂಪ್ ಬರುವಾಗಲೇ ಅವರಿಗೆ ಪಾಸ್ತಾ ಬಂದಿರುತ್ತಿತ್ತು. ಏಳು ಗಂಟೆಗೆ ಮಕ್ಕಳ ಕ್ಲಬ್ ತೆರೆಯುತ್ತದೆ. ಮಗಳು ಅಲ್ಲಿಗೆ ಓಡುತ್ತಿದ್ದಳು.

ಬೇಗ ಊಟ ಅಂದರೆ ಇಡೀ ದಿನವನ್ನು ಹಿಂದಕ್ಕೆ ಎಳೆಯಬೇಕು. ಇದು ಮೊದಲ ದಿನ ಗೊತ್ತಾಗಲಿಲ್ಲ. ಮೂರೂವರೆಗೆ ಮಕ್ಕಳು ಪಿಜ್ಜಾ ತಿಂದಿದ್ದರು, ಐದೂವರೆಗೆ ತಟ್ಟೆ ಮುಟ್ಟಲಿಲ್ಲ. ಮರುದಿನದಿಂದ ಮಧ್ಯಾಹ್ನದ ಊಟ 12ಕ್ಕೇ, ಆಮೇಲೆ ಹಣ್ಣು ಮಾತ್ರ. ಅಪ್ಪ-ಅಮ್ಮನ ಕಾಫಿಯನ್ನು ನಾಲ್ಕಕ್ಕೆ ತಂದೆವು. ರಾತ್ರಿ ಒಂಬತ್ತೂವರೆಗೆ ಅಪ್ಪನಿಗೆ ಬಫೆಯಿಂದ ಒಂದು ಬಟ್ಟಲು ಸಪ್ಪೆ ಮೊಸರು, ಸ್ವಲ್ಪ ಅನ್ನ.

ಗಡಿಯಾರ ನಮಗೆ ಸಹಾಯ ಮಾಡಿತು. ಅಲಾಸ್ಕಾ ಸಮಯ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಹಡಗಿನವರು ಉತ್ತರಕ್ಕೆ ಹೋಗುವಾಗ ರಾತ್ರಿ ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ. ಅಂದರೆ ಹಡಗಿನ ಐದೂವರೆ ಸಿಯಾಟಲ್ ಹೊಟ್ಟೆಗೆ ಆರೂವರೆ. ಮಕ್ಕಳಿಗೆ ಸರಿಯಾಗಿ ಹಸಿವಾಗುತ್ತಿತ್ತು. ಎಂಟರ ಪಂಕ್ತಿಯವರ ಹೊಟ್ಟೆಗೆ ಅದು ಒಂಬತ್ತು. ವಾಪಸ್ ಬರುವಾಗ ಇದೇ ಲೆಕ್ಕ ಉಲ್ಟಾ ಆಗುತ್ತದೆ, ಕೊನೆಯ ದಿನ ಮಧ್ಯಾಹ್ನ ಕಡಿಮೆ ತಿನ್ನಬೇಕು.

ಬೇಗ ಉಂಡವರಿಗೆ ಸಿಕ್ಕ ಇನ್ನೊಂದು ಲಾಭ ನಾನು ಎಣಿಸಿಯೇ ಇರಲಿಲ್ಲ. ಜೂನ್‌ನಲ್ಲಿ ಅಲಾಸ್ಕಾದಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಏಳೂಕಾಲಿಗೆ ಊಟ ಮುಗಿಸಿ ಅಪ್ಪನ ನಡಿಗೆಗೆ ಅಂತ ಎಲ್ಲರೂ ಡೆಕ್‌ಗೆ ಹೋಗುತ್ತಿದ್ದೆವು. ಹಿಮದ ಬೆಟ್ಟಗಳ ಮೇಲೆ ಹೊಂಬಿಸಿಲು. ಒಂದು ದಿನ ಸಂಜೆ, ದೂರದಲ್ಲಿ ನೀರಿನಿಂದ ಹೊಗೆಯಂತೆ ಏನೋ ಎದ್ದಿತು. ಹಂಪ್‌ಬ್ಯಾಕ್ ತಿಮಿಂಗಿಲ. ಚಳಿಗಾಲದಲ್ಲಿ ಹವಾಯಿ ಕಡೆ ಇದ್ದು, ಬೇಸಿಗೆಯಲ್ಲಿ ಮೇವಿಗೆ ಇಲ್ಲಿಗೆ ಬರುತ್ತವೆ. ಬಾಲ ಎತ್ತಿ ಮುಳುಗಿದ್ದನ್ನು ಮಗ ನೋಡಿದ. ಆಗ ಎಂಟೂಕಾಲು. ಅವನು ಮಲಗುವ ಹೊತ್ತು ಮೀರಿತ್ತು, ನಾನು ಏನೂ ಅನ್ನಲಿಲ್ಲ.

ಕಳೆದುಕೊಂಡದ್ದೂ ಇದೆ. ಥಿಯೇಟರ್ ಶೋ ಎರಡು ಸಲ, ಏಳಕ್ಕೆ ಮತ್ತು ಒಂಬತ್ತಕ್ಕೆ. ಎರಡನೇ ಪಂಕ್ತಿಯವರು ಏಳರದ್ದು ನೋಡಿ ಊಟಕ್ಕೆ ಹೋಗುತ್ತಾರೆ. ನಮಗೆ ಒಂಬತ್ತರದ್ದು, ಆಗ ಮಗ ಮಲಗಿರುತ್ತಾನೆ. ನಾನು ಮತ್ತು ನನ್ನ ಗಂಡ ಒಟ್ಟಿಗೆ ಒಂದೇ ಒಂದು ಶೋ ನೋಡಲಿಲ್ಲ, ಒಬ್ಬರು ಕ್ಯಾಬಿನ್‌ನಲ್ಲಿ ಇರಲೇಬೇಕಿತ್ತು. ಮೊದಲ ಪಂಕ್ತಿಯಲ್ಲಿ ಕೊನೆಗೆ ಸ್ವಲ್ಪ ಅವಸರವೂ ಇರುತ್ತದೆ. ವೇಟರ್ ಬಾಯಲ್ಲಿ ಏನೂ ಹೇಳಲ್ಲ, ಆದರೆ ಮುಂದಿನ ಪಂಕ್ತಿಗೆ ಟೇಬಲ್ ಸಜ್ಜು ಮಾಡಬೇಕು, ಪಾಪ. ನಾವೇ ಅರ್ಥ ಮಾಡಿಕೊಂಡು ಏಳಬೇಕು. ಮಾತಾಡುತ್ತಾ ಕೂರುವ ಆಸೆ ಇರುವವರಿಗೆ ಎರಡನೇ ಪಂಕ್ತಿಯೇ ಚೆನ್ನ, ಅವರ ಹಿಂದೆ ಕಾಯುವವರು ಇರಲ್ಲ.

ಜೂನೋದಲ್ಲಿ ಮೆಂಡನ್‌ಹಾಲ್ ಹಿಮನದಿ ನೋಡಿ ಬರುವಷ್ಟರಲ್ಲಿ ಆರೂಮುಕ್ಕಾಲು. ಆವತ್ತು ಬಫೆ. ಇದು ಮೊದಲೇ ಗೊತ್ತಿತ್ತು, ವೇಟರ್‌ಗೂ ಹಿಂದಿನ ರಾತ್ರಿಯೇ ಹೇಳಿದ್ದೆವು. ಅಪ್ಪನಿಗೆ ಮಾತ್ರ ಬ್ಯಾಗಿನಲ್ಲಿ ಬಿಸ್ಕತ್ತು ಇಟ್ಟುಕೊಂಡಿದ್ದೆ. ಸ್ಕ್ಯಾಗ್ವೇಯಲ್ಲಿ ವೈಟ್ ಪಾಸ್ ರೈಲು ಇದೆ. ಚಿನ್ನ ಹುಡುಕಿ ಜನ ನುಗ್ಗಿದ ಕಾಲದಲ್ಲಿ, 1898ರಲ್ಲಿ ಶುರುಮಾಡಿ 1900ರಲ್ಲಿ ಮುಗಿಸಿದ ದಾರಿ. ಸುಮಾರು 20 ಮೈಲಿಯಲ್ಲಿ 3,000 ಅಡಿ ಹತ್ತಿರ ಏರುತ್ತದೆ. ಹೋಗಿ ಬರಲು ಮೂರು ಗಂಟೆ ಹತ್ತಿರ ಬೇಕು. ಮಧ್ಯಾಹ್ನದ ರೈಲು ಹಿಡಿದಿದ್ದರೆ ಊಟಕ್ಕೆ ಓಡಿಬರಬೇಕಿತ್ತು. ಅದಕ್ಕೇ ಬೆಳಗಿನ ರೈಲಿಗೆ ಟಿಕೆಟ್ ತಗೊಂಡಿದ್ದೆವು.

ಕೊನೆಯ ಸಂಜೆ ವಿಕ್ಟೋರಿಯಾ. ಹಡಗು ಅಲ್ಲಿ ರಾತ್ರಿ ಯಾಕೆ ನಿಲ್ಲುತ್ತದೆ ಅಂತ ಅಪ್ಪ ಕೇಳಿದರು. ಅಮೆರಿಕದ 1886ರ ಕಾನೂನಿನ ಪ್ರಕಾರ ಬೇರೆ ದೇಶದ ಬಾವುಟದ ಹಡಗು ಅಮೆರಿಕದ ಬಂದರುಗಳ ನಡುವೆಯೇ ಜನರನ್ನು ಸುತ್ತಾಡಿಸುವ ಹಾಗಿಲ್ಲ, ಮಧ್ಯೆ ಒಂದು ಪರದೇಶದ ಬಂದರು ಮುಟ್ಟಬೇಕು. (ಇಂಡಿಯನ್ ಪಾಸ್‌ಪೋರ್ಟ್ ಇರುವ ಅಪ್ಪ-ಅಮ್ಮಂದಿರಿಗೆ ಇದಕ್ಕಾಗಿ ಕೆನಡಾ ವೀಸಾ ಬೇಕು. ತಿಂಗಳುಗಳ ಮುಂಚೆ ಮಾಡಿಸಿ.) ಎಂಟರ ಪಂಕ್ತಿಯವರಿಗೆ ಆವತ್ತು ಊಟವೋ ಊರೋ ಅನ್ನುವ ಪರಿಸ್ಥಿತಿ. ನಾವು ಊಟ ಮುಗಿಸಿ, ಮಂಗಳೂರಿನ ಹುಡುಗನಿಗೆ ವಿದಾಯ ಹೇಳಿ, ಎಂಟೂಕಾಲಿಗೆ ಇಳಿದೆವು. ಅಮ್ಮ ಅವನ ತಲೆ ಮುಟ್ಟಿ "ಊರಿಗೆ ಹೋದಾಗ ಮೈಸೂರಿಗೆ ಬಾಪ್ಪಾ" ಅಂದಳು. ಬಂದರಿನ ಎದುರಿನ ಶಾಸನಸಭೆ ಕಟ್ಟಡಕ್ಕೆ ಸಾಲು ಸಾಲು ಬಲ್ಬು ಹಚ್ಚಿದ್ದರು. "ದಸರಾದಲ್ಲಿ ಅರಮನೆ ಇದ್ದ ಹಾಗಿದೆ" ಅಂದಳು.

ಮುಂದಿನ ವರ್ಷ ಅತ್ತೆ-ಮಾವ ಬರುತ್ತಾರೆ. ಮಾವ ರಾತ್ರಿ ಒಂಬತ್ತಕ್ಕೆ ಮುಂಚೆ ಊಟ ಮುಟ್ಟುವವರಲ್ಲ, ಉಂಡ ಮೇಲೆ ಒಂದು ಗಂಟೆ ಮಾತು ಬೇಕು. ಮಗನಿಗೆ ಆಗ 5 ತುಂಬಿರುತ್ತದೆ, ಮಧ್ಯಾಹ್ನ ಮಲಗಿಸಿದರೆ ಹತ್ತರವರೆಗೆ ಎದ್ದಿರುತ್ತಾನೆ. ಹಾಳೆ ಮತ್ತೆ ತೆಗೆದು ಬರೆಯಲು ಶುರುಮಾಡಿದ್ದೇನೆ. ಸದ್ಯಕ್ಕೆ ಎರಡನೇ ಪಂಕ್ತಿಯೇ ಸರಿ ಅಂತ ಕಾಣುತ್ತಿದೆ.