ಹಳೆ ಗಾಲ್ಫ್ ಕಾರ್ಟ್ ಕೊಳ್ಳುವ ಮುಂಚೆ ಸೀಟು ಎತ್ತಿ ನೋಡಿ

ನಾವಿರುವ ಪೀಚ್‌ಟ್ರೀ ಸಿಟಿಯಲ್ಲಿ ಗಾಲ್ಫ್ ಕೋಲು ಮುಟ್ಟದವರ ಮನೆಯಲ್ಲೂ ಗಾಲ್ಫ್ ಕಾರ್ಟ್ ಇರುತ್ತದೆ. ಅಮೆರಿಕದ ಅಟ್ಲಾಂಟಾದಿಂದ ದಕ್ಷಿಣಕ್ಕಿರುವ ಈ ಊರಲ್ಲಿ ಕಾರ್ಟ್, ಸೈಕಲ್ ಮತ್ತು ನಡೆಯುವವರಿಗೆಂದೇ ಸುಮಾರು 100 ಮೈಲಿ ದಾರಿ ಮಾಡಿಟ್ಟಿದ್ದಾರೆ. ಹೈಸ್ಕೂಲ್ ಮಕ್ಕಳು ಕಾರ್ಟ್‌ನಲ್ಲೇ ಶಾಲೆಗೆ ಹೋಗುತ್ತಾರೆ. ಹಾಲು, ಮೊಸರು ತರುವುದಕ್ಕೂ ಅದೇ ಗಾಡಿ.

ಇಲ್ಲಿಗೆ ಹೊಸದಾಗಿ ಬಂದ ಕನ್ನಡದವರು ಕೇಳುವ ಮೊದಲ ಪ್ರಶ್ನೆ, "ಅಣ್ಣಾ, ಯಾವ ಕಂಪನಿದು ತಗೊಳ್ಳಲಿ?" ಕಂಪನಿ ಆಮೇಲೆ ಮಾರಾಯ್ರೇ, ಮೊದಲು ಬ್ಯಾಟರಿ. ನಾನು ಹಾಸನದಲ್ಲಿ ಅಪ್ಪನ ಬ್ಯಾಟರಿ ಅಂಗಡಿಯಲ್ಲಿ ಬೆಳೆದವನು. ಆಸಿಡ್ ತೂತಿಲ್ಲದ ಅಂಗಿ ನನ್ನ ಹತ್ತಿರ ಇರಲಿಲ್ಲ. ಹಾಗಾಗಿ ಗಾಡಿಯ ಬಣ್ಣ, ಚಕ್ರ ಯಾವುದೂ ಮೊದಲು ಕಣ್ಣಿಗೆ ಬೀಳುವುದಿಲ್ಲ, ಸೀದಾ ಸೀಟು ಎತ್ತುತ್ತೇನೆ. ಹೊಸ ಬ್ಯಾಟರಿ ಸೆಟ್ ಹಾಕಿಸಿದರೆ ಸಾವಿರ ಡಾಲರ್ ದಾಟುತ್ತದೆ. ಮಾರುವವನು ಹೇಳುವ ಬೆಲೆಯಲ್ಲಿ ಅದು ಸೇರಿದೆಯೋ ಇಲ್ಲವೋ ಅನ್ನುವುದೇ ಇಡೀ ವ್ಯಾಪಾರ.

ಸೀಟಿನ ಕೆಳಗೆ ಸಾಮಾನ್ಯವಾಗಿ ಆರು ಸೀಸದ ಬ್ಯಾಟರಿ ಇರುತ್ತವೆ. ಒಂದೊಂದರ ಮೇಲೂ ನೀರು ಹಾಕುವ ಬಾಯಿ ಎಷ್ಟಿದೆ ಎಣಿಸಿ. ಒಂದು ಸೆಲ್ ಅಂದರೆ 2 ವೋಲ್ಟ್. 3 ಬಾಯಿ ಇದ್ದರೆ 6 ವೋಲ್ಟ್, 4 ಇದ್ದರೆ 8, 6 ಇದ್ದರೆ 12. 6 ವೋಲ್ಟ್‌ನವು ಆರು ಇದ್ದರೆ ಅದು 36 ವೋಲ್ಟ್ ಗಾಡಿ. 8 ವೋಲ್ಟ್‌ನವು ಆರು, ಇಲ್ಲವೇ 12 ವೋಲ್ಟ್‌ನವು ನಾಲ್ಕು ಇದ್ದರೆ 48. ನಮ್ಮ ಕಡೆ ಏರುತಗ್ಗು ಜಾಸ್ತಿ, ನಾಲ್ಕು ಜನ ಕೂರುತ್ತೀರಿ ಅಂದರೆ 48 ನೋಡಿ.

ಆಮೇಲೆ ವಯಸ್ಸು. ಸೀಸದ ಟರ್ಮಿನಲ್ ಮೇಲೋ, ಪಕ್ಕದ ಸ್ಟಿಕರ್ ಮೇಲೋ ಒಂದು ಇಂಗ್ಲಿಷ್ ಅಕ್ಷರ, ಒಂದು ಅಂಕಿ ಇರುತ್ತದೆ. ಬಹಳಷ್ಟು ಕಂಪನಿಗಳಲ್ಲಿ ಅಕ್ಷರ ತಿಂಗಳು, ಅಂಕಿ ವರ್ಷದ ಕೊನೆಯದು. 'ಸಿ 3' ಅಂದರೆ 2023ರ ಮಾರ್ಚ್. ಚೆನ್ನಾಗಿ ನೋಡಿಕೊಂಡ ಸೆಟ್ ಐದಾರು ವರ್ಷ ಬರುತ್ತದೆ, ನೋಡಿಕೊಳ್ಳದಿದ್ದರೆ ಎರಡು ಮೂರಕ್ಕೇ ಮಲಗುತ್ತದೆ. ಐದು ದಾಟಿದ್ದರೆ ಬ್ಯಾಟರಿಗೆ ಸೊನ್ನೆ ಬೆಲೆ ಕಟ್ಟಿ, ಗಾಡಿಗೆ ಮಾತ್ರ ಮಾತಾಡಿ. ಆರರಲ್ಲಿ ಒಂದರ ತಾರೀಖು ಮಾತ್ರ ಬೇರೆ ಇದ್ದರೆ ಇನ್ನೂ ಎಚ್ಚರ. ಯಾರೋ ಒಂದನ್ನು ಬದಲಿಸಿ ತೇಪೆ ಹಾಕಿದ್ದಾರೆ ಅಂತ ಅರ್ಥ. ಮುದಿ ಎತ್ತಿನ ಜೊತೆ ಎಳೇ ಹೋರಿ ಕಟ್ಟಿದ ಹಾಗೆ, ಹಳೆಯವು ಬೇಗ ಸುಸ್ತಾಗಿ ಹೊಸದನ್ನೂ ಕೆಡಿಸುತ್ತವೆ.

ನೋಡಲು ಹೋಗುವ ಹಿಂದಿನ ರಾತ್ರಿಯೇ ಪೂರ್ತಿ ಚಾರ್ಜ್ ಮಾಡಿ ಪ್ಲಗ್ ತೆಗೆದಿಡಲು ಹೇಳಿ. ಚಾರ್ಜರ್‌ನಿಂದ ಈಗಷ್ಟೇ ತೆಗೆದ ಬ್ಯಾಟರಿ ಸುಳ್ಳು ವೋಲ್ಟೇಜ್ ತೋರಿಸುತ್ತದೆ. ಐದಾರು ಗಂಟೆಯಾದರೂ ಸುಮ್ನೆ ನಿಂತಿರಬೇಕು. 48 ವೋಲ್ಟ್ ಸೆಟ್ ತುಂಬಿದ್ದರೆ ಮಲ್ಟಿಮೀಟರ್ 50.9 ಆಸುಪಾಸು ತೋರಿಸಬೇಕು, 36ರದ್ದು 38.2. ಬಿಡಿಬಿಡಿಯಾಗಿ ನೋಡಿದರೆ 8 ವೋಲ್ಟ್‌ನದು 8.49, 6 ವೋಲ್ಟ್‌ನದು 6.37. 48ರ ಸೆಟ್ 48.4ಕ್ಕೆ ಬಂದಿದ್ದರೆ ಅರ್ಧ ಖಾಲಿ.

ನಿಂತ ಗಾಡಿಯ ವೋಲ್ಟೇಜ್ ನೋಡಿ ಮೋಸ ಹೋಗಬೇಡಿ. ಸತ್ತ ಬ್ಯಾಟರಿಯೂ ಭಾರ ಬೀಳುವವರೆಗೆ ಚೆನ್ನಾಗಿಯೇ ಕಾಣುತ್ತದೆ. ಮೀಟರ್ ವೈರನ್ನು ಕ್ಲಿಪ್‌ನಿಂದ ಒಂದು ಬ್ಯಾಟರಿಗೆ ಸಿಕ್ಕಿಸಿ, ಮಾರುವವನಿಗೇ ಓಡಿಸಲು ಹೇಳಿ, ಪಕ್ಕದಲ್ಲಿ ಕೂತು ಏರಿನಲ್ಲಿ ಮೀಟರ್ ನೋಡಿ. ಹೀಗೆ ಆರಕ್ಕೂ ಮಾಡಿ. 8 ವೋಲ್ಟ್ ಬ್ಯಾಟರಿಗಳಾದರೆ, ಉಳಿದವು 8ರ ಹತ್ತಿರ ನಿಂತು ಒಂದು ಮಾತ್ರ 7ಕ್ಕಿಂತ ಕೆಳಗೆ ಜಾರಿದರೆ ಕಳ್ಳ ಸಿಕ್ಕಿದ ಅಂತ ಲೆಕ್ಕ. ನನಗೆ ಇನ್ನೂ ನಂಬಿಕೆ ಇರುವುದು ಹೈಡ್ರೋಮೀಟರ್ ಮೇಲೆ, ಅಂದರೆ ಸೆಲ್ ಒಳಗಿನ ಆಸಿಡ್ ಎಷ್ಟು ಗಟ್ಟಿಯಿದೆ (ಗ್ರಾವಿಟಿ) ಅಂತ ಅಳೆಯುವ ಕೊಳವೆ. ಆಟೋ ಪಾರ್ಟ್ಸ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ತುಂಬಿದ ಸೆಲ್‌ನ ಗ್ರಾವಿಟಿ 1.270 ಮೇಲಿರಬೇಕು. ಸೆಲ್‌ನಿಂದ ಸೆಲ್‌ಗೆ 0.050ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಆ ಬ್ಯಾಟರಿ ಹೆಚ್ಚು ದಿನ ಬಾಳುವುದಿಲ್ಲ.

ಚಾರ್ಜರ್ ಸಿಕ್ಕಿಸಿಯೂ ನೋಡಿ. ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರ್‌ಗಳು ಗುಂಯ್ ಅನ್ನುತ್ತವೆ, ಅದು ಸರಿಯೇ. ಅವುಗಳ ಆಂಪ್ ಮೀಟರ್‌ನ ಮುಳ್ಳು ಮೇಲಿಂದ ಶುರುವಾಗಿ, ಚಾರ್ಜ್ ಏರಿದಂತೆ ನಿಧಾನಕ್ಕೆ ಇಳಿಯಬೇಕು.

ಇನ್ನು ಕಂಪನಿ. ಕ್ಲಬ್ ಕಾರ್ ಮತ್ತು ಇ-ಝಡ್-ಗೋ ಎರಡೂ ನಮ್ಮ ಜಾರ್ಜಿಯಾದ ಆಗಸ್ಟಾ ಕಡೆಯವು. ಯಮಹಾ ಕಾರ್ಟ್ ತಯಾರಾಗುವುದು ನಮ್ಮ ಪಕ್ಕದ ನ್ಯೂನನ್‌ನಲ್ಲಿ. ಮೂರಕ್ಕೂ ಬಿಡಿಭಾಗ ಸಿಗುತ್ತದೆ. ವ್ಯತ್ಯಾಸ ಇರುವುದು ಅಡಿಯ ಚೌಕಟ್ಟಿನಲ್ಲಿ. ಕ್ಲಬ್ ಕಾರ್‌ದು ಅಲ್ಯೂಮಿನಿಯಂ, ತುಕ್ಕು ಹಿಡಿಯದು. ಇ-ಝಡ್-ಗೋದು ಕಬ್ಬಿಣ. ಅದನ್ನು ಕೊಳ್ಳುವುದಾದರೆ ಟಾರ್ಚ್ ಹಿಡಿದು ಕೆಳಗೆ ಮಲಗಿ, ಬ್ಯಾಟರಿ ತಟ್ಟೆಯ ಕೆಳಭಾಗವನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ವರ್ಷಗಟ್ಟಲೆ ಆಸಿಡ್ ಸುರಿದ ಕಬ್ಬಿಣ ಹಪ್ಪಳವಾಗಿದ್ದರೆ ಬೇಡ ಅಂತ ಎದ್ದು ಬನ್ನಿ. ಗಾಲ್ಫ್ ಕ್ಲಬ್‌ಗಳು ಲೀಸ್ ಮುಗಿಸಿ ವಾಪಸ್ ಕೊಟ್ಟ ಗಾಡಿಗಳು ಡೀಲರ್ ಹತ್ತಿರ ಸಿಗುತ್ತವೆ. ದುಡಿದು ದಣಿದಿದ್ದರೂ ಒಬ್ಬ ಮೆಕ್ಯಾನಿಕ್ ಕೈಯಲ್ಲಿ ಇದ್ದವು ಅನ್ನುವ ಧೈರ್ಯಕ್ಕೆ ನಾನು ಅವನ್ನೇ ಹುಡುಕುತ್ತೇನೆ.

ಮನೆಗೆ ತಂದ ಮೇಲೆ ಬ್ಯಾಟರಿ ಹೊರತೆಗೆದು ತೊಳೆಯಬೇಕು. ಅದಕ್ಕೆ ಮೊದಲ ಕೆಲಸ ಉಂಗುರ, ವಾಚು, ಕಡಗ ಬಿಚ್ಚುವುದು. ಸ್ಪ್ಯಾನರ್ ಎರಡು ಟರ್ಮಿನಲ್‌ಗೆ ತಾಗಿದರೆ ಕಿಡಿ ಹಾರುತ್ತದೆ, ಚಾರ್ಜ್ ಆದ ಬ್ಯಾಟರಿಯ ಸುತ್ತ ಬೇಗ ಹೊತ್ತಿಕೊಳ್ಳುವ ಹೈಡ್ರೋಜನ್ ಇರುತ್ತದೆ. ಸ್ಪ್ಯಾನರ್ ಹಿಡಿಗೆ ಟೇಪ್ ಸುತ್ತಿ, ಕನ್ನಡಕ ಹಾಕಿ, ಗ್ಯಾರೇಜ್ ಬಾಗಿಲು ತೆರೆದಿಡಿ. 'ಟೋ' (ಗಾಡಿ ಎಳೆದೊಯ್ಯುವಾಗ ಕರೆಂಟ್ ಕಡಿಯುವುದು) ಅಂತ ಬರೆದ ಸ್ವಿಚ್ ಇದ್ದರೆ ಅದಕ್ಕೆ ತಿರುಗಿಸಿ. ಕೇಬಲ್ ಜೋಡಣೆಯ ಫೋಟೊ ತೆಗೆದುಕೊಂಡು, ಸೆಟ್‌ನ ಮುಖ್ಯ ನೆಗೆಟಿವ್ ಕೇಬಲ್ ಮೊದಲು ಬಿಚ್ಚಿ. 8 ವೋಲ್ಟ್ ಬ್ಯಾಟರಿ ಒಂದೊಂದೂ ಹತ್ತಿರ ಹತ್ತಿರ 29 ಕೆ.ಜಿ. ಸೊಂಟದ ಆಸೆ ಇದ್ದರೆ ಎತ್ತುವ ಪಟ್ಟಿ ಬಳಸಿ, ಇಬ್ಬರು ಹಿಡಿಯಿರಿ.

ತಟ್ಟೆಗೂ ಬ್ಯಾಟರಿ ಮೈಗೂ ಅಡುಗೆ ಸೋಡಾ ಕಲಸಿದ ನೀರು ಹಾಕಿ. ನೊರೆ ನಿಲ್ಲುವವರೆಗೆ ಹಾಕಿ ತೊಳೆಯಿರಿ. ಸೆಲ್ ಮುಚ್ಚಳ ಬಿಗಿಯಾಗಿರಲಿ, ಸೋಡಾ ಒಳಗೆ ಹೋದರೆ ಆಸಿಡ್ ಸತ್ತುಹೋಗುತ್ತದೆ. ತಟ್ಟೆ ಒಣಗಿದ ಮೇಲೆ ತುಕ್ಕು ಉಜ್ಜಿ ಪೇಂಟ್ ಹೊಡೆಯಿರಿ. ಕೇಬಲ್ ತುದಿಯಲ್ಲಿ ಹಸಿರು ಪುಡಿ ಕಂಡರೆ ಕೆರೆದು ಉಪಯೋಗವಿಲ್ಲ, ತಂತಿಯ ಒಳಗೂ ಅದು ಹಬ್ಬಿರುತ್ತದೆ. ಎಲ್ಲವನ್ನೂ ಬದಲಿಸಿ, ಆಗ 6 ಗೇಜ್ ಇದ್ದ ಜಾಗಕ್ಕೆ ದಪ್ಪನೆಯ 4 ಗೇಜ್ ಹಾಕಿ.

ಪೆಡಲ್ ಒತ್ತಿದರೆ ಟಕ್ ಅಂದು ಗಾಡಿ ಕದಲದಿದ್ದರೆ ಮೊದಲು ಕೇಬಲ್ ಮತ್ತು ಸಾಲಿನಾಯ್ಡ್ (ಟಕ್ ಅನ್ನುವ ದೊಡ್ಡ ಸ್ವಿಚ್), ಆಮೇಲೆ ಕಂಟ್ರೋಲರ್ (ಮೋಟಾರ್‌ಗೆ ಹೋಗುವ ಕರೆಂಟ್ ಹತೋಟಿ ಮಾಡುವ ಪೆಟ್ಟಿಗೆ) ಮತ್ತು ಮೋಟಾರ್ ನೋಡಿ. ಟಕ್ ಕೂಡ ಅನ್ನದಿದ್ದರೆ ಕೀ ಸ್ವಿಚ್, ಪೆಡಲ್ ಕೆಳಗಿನ ಮೈಕ್ರೋಸ್ವಿಚ್ ನೋಡಿ. ಹೆಚ್ಚಿನ ಕಾರ್ಟ್‌ಗಳಿಗೆ ಬ್ರೇಕ್ ಇರುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ, ಹಾಗಾಗಿ ಆ ಡ್ರಮ್ ಬಿಚ್ಚಿ ನೋಡದೆ ಮಕ್ಕಳನ್ನು ಕೂರಿಸಬೇಡಿ. ಸೀಟ್ ಕವರ್, ಪಾಲಿಶ್ ನಿಮ್ಮಿಷ್ಟ. ಲೈಟ್ ಹಾಕುವುದಾದರೆ ಮಾತ್ರ ಒಂದು ಮಾತು. ಒಂದೋ ಎರಡೋ ಬ್ಯಾಟರಿಯಿಂದ ವೈರ್ ಎಳೆದು ಲೈಟ್ ಉರಿಸಬೇಡಿ. ಅವೆರಡು ಮಾತ್ರ ಖಾಲಿಯಾಗಿ ಸೆಟ್ ಹದಗೆಡುತ್ತದೆ. 48ನ್ನು 12 ಮಾಡುವ ವೋಲ್ಟೇಜ್ ರಿಡ್ಯೂಸರ್ ಹಾಕಿ. ಊರೊಳಗೆ ಓಡಿಸಲು ನಗರಸಭೆಯಲ್ಲಿ ಕಾರ್ಟ್ ನೋಂದಾಯಿಸುವುದನ್ನೂ ಮರೆಯಬೇಡಿ.

ಬ್ಯಾಟರಿ ಸಾಕುವ ಕೆಲಸ ಊರಲ್ಲಿ ಯುಪಿಎಸ್‌ಗೆ ನೀರು ಹಾಕಿದವರಿಗೆ ಗೊತ್ತೇ ಇದೆ. ಡಿಸ್ಟಿಲ್ಡ್ ವಾಟರ್ ಮಾತ್ರ. ನಲ್ಲಿ ನೀರಲ್ಲ, ಫಿಲ್ಟರ್ ನೀರೂ ಅಲ್ಲ. ಆಸಿಡ್ ಅಂತೂ ಹಾಕಲೇಬಾರದು, ಆರಿ ಹೋಗುವುದು ನೀರು ಮಾತ್ರ. ಚಾರ್ಜ್ ಆದ ಮೇಲೆ ನೀರು ಹಾಕಿ, ಯಾಕೆಂದರೆ ಚಾರ್ಜ್ ಆಗುವಾಗ ದ್ರವ ಉಬ್ಬುತ್ತದೆ, ಮೊದಲೇ ತುಂಬಿದರೆ ಉಕ್ಕಿ ಆಸಿಡ್ ಹೊರಬರುತ್ತದೆ. ಪ್ಲೇಟ್ ಒಣಗಿ ಕಾಣುತ್ತಿದ್ದರೆ ಮಾತ್ರ ಅವು ಮುಳುಗುವಷ್ಟು ಮೊದಲು ಹಾಕಿ, ಚಾರ್ಜ್ ಮುಗಿದ ಮೇಲೆ ಉಳಿದದ್ದು. ಬಾಯಿಯ ಒಳಗಿನ ಕೊಳವೆಯ ತುದಿಗಿಂತ 3 ಮಿ.ಮೀ. ಕೆಳಗೆ ನಿಲ್ಲಿಸಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಇಣುಕಿ ನೋಡಿ.

ಓಡಿಸಿದ ದಿನ ರಾತ್ರಿ ಚಾರ್ಜ್‌ಗೆ ಹಾಕಿ, ಸ್ವಲ್ಪವೇ ಓಡಿಸಿದ್ದರೂ. ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು ಅನ್ನುವ ಮಾತು ಸೀಸದ ಬ್ಯಾಟರಿಗೆ ಹೊಂದುವುದಿಲ್ಲ. ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಬಾಳಿಕೆ ಜಾಸ್ತಿ. ಖಾಲಿ ಬಿಟ್ಟರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ.

ನಮ್ಮವರ ಕಾರ್ಟ್ ಕೆಡುವುದು ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ. ಒಂದೂವರೆ ತಿಂಗಳು, ಬಿಸಿ ಗ್ಯಾರೇಜ್, ತನ್ನಷ್ಟಕ್ಕೇ ಇಳಿಯುವ ಬ್ಯಾಟರಿ. ಹೊರಡುವ ಮುಂಚೆ ಪೂರ್ತಿ ಚಾರ್ಜ್ ಮಾಡಿ, ನೀರು ನೋಡಿ, 'ಟೋ'ಗೆ ತಿರುಗಿಸಿ. ಪಕ್ಕದ ಮನೆಯವರಿಗೆ ಹೇಳಿ ಮಧ್ಯೆ ಒಮ್ಮೆ ಪ್ಲಗ್ ಹಾಕಿಸಿ. ಹಳೆಯ 48 ವೋಲ್ಟ್ ಕ್ಲಬ್ ಕಾರ್‌ಗಳ ಪವರ್‌ಡ್ರೈವ್ ಚಾರ್ಜರ್ ಬ್ಯಾಟರಿ ತೀರಾ ಇಳಿದಿದ್ದರೆ ಶುರುವೇ ಆಗುವುದಿಲ್ಲ. ಚಾರ್ಜರ್ ಕೆಟ್ಟಿದೆ ಅಂತ ಹೊಸದು ಕೊಳ್ಳಬೇಡಿ. 8 ವೋಲ್ಟ್ ಕೊಡುವ ಸಣ್ಣ ಚಾರ್ಜರ್‌ನಿಂದ ಒಂದೊಂದೇ ಬ್ಯಾಟರಿಯನ್ನು ಸ್ವಲ್ಪ ಎತ್ತಿ, ಆಮೇಲೆ ದೊಡ್ಡದನ್ನು ಸಿಕ್ಕಿಸಿ.

ಲಿಥಿಯಂ ಹಾಕಿಸಲಾ ಅಂತ ಈಗ ಎಲ್ಲರೂ ಕೇಳುತ್ತಾರೆ. ನೀರಿನ ಕೆಲಸವಿಲ್ಲ, ಗಾಡಿಯ ತೂಕ ನೂರು ಕೆ.ಜಿ.ಗೂ ಜಾಸ್ತಿ ಇಳಿಯುತ್ತದೆ, ಏರಿನಲ್ಲಿ ಉಸಿರು ಕಟ್ಟುವುದಿಲ್ಲ. ಚಾರ್ಜರ್ ಮಾತ್ರ ಅದಕ್ಕೆ ಹೊಂದುವಂಥದ್ದೇ ಬೇಕು. ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಬಾರದು. ಗಾಡಿ ಗಟ್ಟಿಯಾಗಿದ್ದು ಹತ್ತು ವರ್ಷ ಇಟ್ಟುಕೊಳ್ಳುವವರಾದರೆ ಹಾಕಿಸಿ, ಎರಡು ವರ್ಷಕ್ಕೆ ಮಾರುವವರಾದರೆ ಸೀಸವೇ ಸಾಕು. ಸೀಸದ್ದು ಕೊಂಡರೆ ಹಳೇ ಆರನ್ನೂ ಅಂಗಡಿಗೆ ಒಯ್ಯಿರಿ, ಇಲ್ಲದಿದ್ದರೆ ಬಿಲ್‌ಗೆ ಕೋರ್ ಚಾರ್ಜ್ ಸೇರಿಸುತ್ತಾರೆ. ಲಿಥಿಯಂ ಕೊಂಡರೂ ಹಳೆಯವನ್ನು ಸುಮ್ನೆ ಬಿಟ್ಟು ಬರಬೇಡಿ, ಸ್ಕ್ರ್ಯಾಪ್‌ನವರು ತೂಕದ ಮೇಲೆ ದುಡ್ಡು ಕೊಡುತ್ತಾರೆ.